ಸೀಸದ ಗುಂಡಿಗೆ ಕವಚವೇಕೆ?

ಕಾಲೇಜಿನ ಎನ್.ಸಿ.ಸಿ. ತರಬೇತಿಯಲ್ಲಿ .22 ಬಂದೂಕನ್ನು ಹಾರಿಸಿದ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಗಮನಿಸಿರಬಹುದು. ತೋಟಾದ ತುದಿಯಲ್ಲಿ ಕುಳಿತ ಸೀಸದ ಗುಂಡು ಬೆರಳಿಗೆ ಅನೇಕ ವೇಳೆ ತುಸು ಜಿಡ್ಡಾಗಿ ತಗಲುತ್ತದೆ. ಅದು ಕಾರ್ಖಾನೆಯಲ್ಲಿ ಅಂಟಿದ ಕೊಳೆಯಲ್ಲ. ಬೇಕೆಂದೇ ಬಳಿದ ಮೇಣದ ಲೇಪ. ಬೇರೆ ಕೆಲವು ತೋಟಾಗಳ ಗುಂಡುಗಳು ತಾಮ್ರದ ಬಣ್ಣದಿಂದ ಹೊಳೆಯುತ್ತವೆ. ಈಚಿನ ವರುಷಗಳಲ್ಲಿ ಪಿಸ್ತೂಲಿನ ಸ್ಪರ್ಧೆಗಳಲ್ಲಿ ಕೆಂಪು, ನೀಲಿ, ಹಸಿರು, ಕಪ್ಪು ಬಣ್ಣದ ಗುಂಡುಗಳೂ ಬಳಕೆಗೆ ಬಂದಿವೆ. ಮೊದಲ ಸಲ ನೋಡುವವರಿಗೆ ಅವು ಮಕ್ಕಳ ಆಟದ ಗೋಲಿಗಳಂತೆ ತೋರಬಹುದು. ಒಳಗಿರುವುದು ಎಲ್ಲದರಲ್ಲಿಯೂ ಸೀಸವೇ. ಬೇರೆಯಾಗಿರುವುದು ಹೊರಗಿನ ಹೊದಿಕೆ ಮಾತ್ರ. ಕೂದಲೆಳೆಯಷ್ಟೂ ದಪ್ಪವಿಲ್ಲದ ಬಣ್ಣದ ಲೇಪವೊಂದು ಬೆಂಕಿ, ಒತ್ತಡ, ಉಜ್ಜಾಟಗಳ ನಡುವೆ ಹೇಗೆ ಉಳಿಯುತ್ತದೆ, ಸ್ಪರ್ಧಿಗಳು ಅದನ್ನು ಯಾವ ಕಾರಣದಿಂದ ಆರಿಸಿಕೊಳ್ಳುತ್ತಾರೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಮೊದಲಿಗೆ ಒಂದು ಮಾತು. ಹಲವು ದೇಶಗಳಲ್ಲಿ ಸ್ಪರ್ಧಿಗಳು ಒಮ್ಮೆ ಹಾರಿಸಿದ ಹಿತ್ತಾಳೆಯ ಖಾಲಿ ಕೋಶವನ್ನು ಎಸೆಯದೆ, ಅದರಲ್ಲಿ ಹೊಸ ಕೇಪು, ಮದ್ದು, ಗುಂಡುಗಳನ್ನಿಟ್ಟು ತಾವೇ ಮತ್ತೆ ತುಂಬಿಕೊಳ್ಳುವ ರೂಢಿಯುಂಟು. ಅಭ್ಯಾಸಕ್ಕೆ ಸಾವಿರಗಟ್ಟಲೆ ತೋಟಾಗಳು ಬೇಕಾಗುವುದರಿಂದ ಹಣ ಉಳಿಯುತ್ತದೆ. ಒಂದು ತೋಟಾ ಇನ್ನೊಂದರಂತೆಯೇ ಇರುವಂತೆ ನೋಡಿಕೊಳ್ಳಲೂ ಬರುತ್ತದೆ. ನಮ್ಮ ದೇಶದಲ್ಲಿ ತೋಟಾಗಳ ತಯಾರಿಕೆ 1959ರ ಆಯುಧ ಕಾಯಿದೆಗೆ ಒಳಪಟ್ಟದ್ದು. ಪರವಾನಗಿಯಿಲ್ಲದೆ ಅದಕ್ಕೆ ಕೈಹಾಕುವಂತಿಲ್ಲ. ಆದುದರಿಂದ ತುಂಬುವ ವಿಧಾನ ನಮ್ಮ ವಿಷಯವಲ್ಲ. ಗುಂಡಿನ ಹೊರಮೈಯಲ್ಲಿ ಅಡಗಿರುವ ಭೌತಶಾಸ್ತ್ರವೇ ನಮಗೆ ಬೇಕಾದದ್ದು, ಅದು ಪರೀಕ್ಷೆಯ ಪಠ್ಯಕ್ಕೂ ಹತ್ತಿರದ್ದಾಗಿದೆ.

ಗುಂಡು ಸೀಸದ್ದೇ ಏಕೆ? ಸೀಸದ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 11.34 ಗ್ರಾಂ. ಕಬ್ಬಿಣದ್ದು 8 ಗ್ರಾಮಿಗೂ ಕಡಿಮೆ. ಸಣ್ಣ ಗಾತ್ರದಲ್ಲಿ ಹೆಚ್ಚು ದ್ರವ್ಯರಾಶಿ ಹಿಡಿಸಿದರೆ ಗಾಳಿಯ ತಡೆಗೆ ವೇಗ ಬೇಗನೆ ಕುಂದುವುದಿಲ್ಲ. ಎರಡನೆಯ ಕಾರಣ ಅದರ ಮೃದುತ್ವ. ಪಿಸ್ತೂಲಿನ ನಳಿಕೆಯ ಒಳಮೈ ನುಣುಪಾದ ಕೊಳವೆಯಲ್ಲ. ಅದರಲ್ಲಿ ಸುರುಳಿಯಾಕಾರದ ತೋಡುಗಳಿರುತ್ತವೆ. ಗುಂಡು ನಳಿಕೆಯ ರಂಧ್ರಕ್ಕಿಂತ ಕೂದಲಷ್ಟು ದಪ್ಪನಾಗಿದ್ದು, ಆ ತೋಡುಗಳಿಗೆ ತನ್ನ ಮೈಯನ್ನು ಒತ್ತಿಕೊಂಡು, ತಿರುಗುತ್ತ ಹೊರಬೀಳಬೇಕು. ಹಾಗೆ ತಿರುಗದ ಗುಂಡು ಗಾಳಿಯಲ್ಲಿ ಲಾಗ ಹೊಡೆಯುತ್ತ ಗುರಿಯನ್ನು ತಪ್ಪುತ್ತದೆ. 9 ಮಿ.ಮೀ. ಪಿಸ್ತೂಲಿನಲ್ಲಿ ತಾಮ್ರದ ಕವಚವುಳ್ಳ ಗುಂಡಿನ ವ್ಯಾಸ ಸಾಮಾನ್ಯವಾಗಿ 9.02 ಮಿ.ಮೀ.; ಬರಿಯ ಸೀಸದ ಅಥವಾ ಬಣ್ಣದ ಲೇಪದ ಗುಂಡಿನದು 9.04 ಮಿ.ಮೀ. ಈ 0.02 ಮಿ.ಮೀ. ಅಂತರದ ಮಹತ್ತ್ವ ಮುಂದೆ ತಿಳಿಯುತ್ತದೆ.

ಈಗ ನಳಿಕೆಯೊಳಗೆ ನಡೆಯುವುದನ್ನು ಲೆಕ್ಕಕ್ಕೆ ತರೋಣ. 8 ಗ್ರಾಂ ತೂಕದ ಗುಂಡು 125 ಮಿ.ಮೀ. ಉದ್ದದ ನಳಿಕೆಯಿಂದ ಸೆಕೆಂಡಿಗೆ 330 ಮೀಟರ್ ವೇಗದಲ್ಲಿ ಹೊರಬೀಳುತ್ತದೆ ಎಂದು ಇಟ್ಟುಕೊಳ್ಳಿ. ವೇಗೋತ್ಕರ್ಷ ಒಂದೇ ಸಮನಾಗಿತ್ತೆಂದು ಭಾವಿಸಿದರೆ (ನಿಜದಲ್ಲಿ ಹಾಗಿರುವುದಿಲ್ಲ, ಆದರೆ ಅಂದಾಜಿಗೆ ಸಾಕು), ಅದು ಭೂಮಿಯ ಗುರುತ್ವ ವೇಗೋತ್ಕರ್ಷದ ಸುಮಾರು 44,000 ಪಟ್ಟಾಗುತ್ತದೆ. ಗುಂಡಿನ ಬೆನ್ನಿನ ಮೇಲೆ ಬೀಳುವ ಬಲ ಮೂರೂವರೆ ಕ್ವಿಂಟಲ್ ಭಾರಕ್ಕೆ ಸಮ. ಪಯಣದ ಕಾಲ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೂ ಕಡಿಮೆ, 0.00076 ಸೆಕೆಂಡು. ತೋಡುಗಳು 250 ಮಿ.ಮೀ.ಗೆ ಒಂದು ಸುತ್ತು ತಿರುಗಿದ್ದರೆ ಹೊರಬಿದ್ದ ಗುಂಡು ಸೆಕೆಂಡಿಗೆ 1320 ಸುತ್ತು ಹಾಕುತ್ತಿರುತ್ತದೆ. ಅದರ ಚಲನಶಕ್ತಿ ಸುಮಾರು 436 ಜೂಲ್.

ಸೀಸ 327 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತದೆ. ಒಂದು ಗ್ರಾಂ ಸೀಸವನ್ನು 30 ಡಿಗ್ರಿಯಿಂದ ಅಲ್ಲಿಯವರೆಗೆ ಕಾಯಿಸಲು ಸುಮಾರು 38 ಜೂಲ್, ಕರಗಿಸಲು ಗುಪ್ತೋಷ್ಣವಾಗಿ ಮತ್ತೆ 23 ಜೂಲ್, ಒಟ್ಟು 61 ಜೂಲ್ ಸಾಕು. ಗುಂಡಿನ ಮೈಯಲ್ಲಿ ನಳಿಕೆಗೆ ತಗಲುವ ಪಟ್ಟಿಯ ಅಗಲ 7 ಮಿ.ಮೀ. ಎಂದರೆ ಅದರ ಕ್ಷೇತ್ರಫಲ ಸುಮಾರು 198 ಚದರ ಮಿ.ಮೀ. ಆ ಪಟ್ಟಿಯ ಮೇಲ್ಪದರ ಕೇವಲ 0.02 ಮಿ.ಮೀ. ಆಳದವರೆಗೆ ಕರಗಲು ಎಷ್ಟು ಶಕ್ತಿ ಬೇಕು? ಆ ಪದರದ ತೂಕ 0.045 ಗ್ರಾಂ; ಬೇಕಾದ ಶಕ್ತಿ 2.75 ಜೂಲ್. ಗುಂಡಿನ ಚಲನಶಕ್ತಿಯ ನೂರರಲ್ಲಿ ಒಂದು ಪಾಲೂ ಅಲ್ಲ! ಉಜ್ಜುವಿಕೆಯಿಂದ ಇಷ್ಟು ಉಷ್ಣ ಹುಟ್ಟುವುದು ಏನೂ ಕಷ್ಟವಲ್ಲ. ಅದರ ಮೇಲೆ, ಗುಂಡು ರಂಧ್ರಕ್ಕೆ ಸಡಿಲವಾಗಿದ್ದರೆ, ಹಿಂದಿನಿಂದ ಬರುವ ಉರಿವ ಅನಿಲ ಸಂದಿನಲ್ಲಿ ನುಗ್ಗಿ ಬೆಸುಗೆಯ ದೀಪದಂತೆ ಸೀಸವನ್ನು ಕೊಯ್ಯುತ್ತದೆ. ಕರಗಿದ, ಹರಿದ ಸೀಸವು ಉಕ್ಕಿನ ನಳಿಕೆಯಲ್ಲಿ ಮೆತ್ತಿಕೊಳ್ಳುತ್ತದೆ. ಮುಂದಿನ ಗುಂಡು ಅದರ ಮೇಲೆಯೇ ಉಜ್ಜಿಕೊಂಡು ಇನ್ನಷ್ಟು ಮೆತ್ತುತ್ತದೆ. ಹತ್ತಾರು ಸಲ ಹೀಗಾದ ಬಳಿಕ ಗುರಿ ಕೆಡುತ್ತದೆ, ಒತ್ತಡವೂ ಏರಬಹುದು. 9.02 ಬದಲು 9.04 ಏಕೆಂಬುದು ಈಗ ಸ್ಪಷ್ಟವಾಯಿತು: ಅನಿಲಕ್ಕೆ ಸಂದು ದೊರೆಯಬಾರದು. ಅಳತೆ ತಪ್ಪಿದ ಗುಂಡನ್ನು ಯಾವ ಲೇಪವೂ ಉದ್ಧರಿಸಲಾರದು. ಕೊಳ್ಳುವವರು ಬಣ್ಣವನ್ನು ಮೊದಲು ನೋಡಿ ಅಳತೆಯನ್ನು ಆಮೇಲೆ ನೋಡುವುದು ತಲೆಕೆಳಗಾದ ಕ್ರಮ ಎಂದೇ ನನ್ನ ಅಭಿಪ್ರಾಯ.

ಸೀಸ ಮತ್ತು ಉಕ್ಕುಗಳ ನಡುವೆ ಏನನ್ನಾದರೂ ಇಡಬೇಕೆಂಬ ಯೋಚನೆ ಹಳೆಯದು. ನಮ್ಮ ಅಥಣಿ, ಸತ್ತಿಗಳ ಕಡೆ ಕಬ್ಬು ಹೇರುವ ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವ ರೈತನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 1853ರ ಎನ್‌ಫೀಲ್ಡ್ ಬಂದೂಕಿನಲ್ಲಿ ಗುಂಡಿಗೆ ಕಾಗದ ಸುತ್ತಿ, ಆ ಕಾಗದಕ್ಕೆ ಕೊಬ್ಬು ಮತ್ತು ಮೇಣ ಸವರುತ್ತಿದ್ದರು. ಸಿಪಾಯಿಯು ತೋಟಾದ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿತ್ತು. ಅದರಲ್ಲಿ ಹಸುವಿನ, ಹಂದಿಯ ಕೊಬ್ಬಿದೆ ಎಂಬ ಶಂಕೆ 1857ರ ದಂಗೆಗೆ ಕಿಡಿಯಾಯಿತು. ಆ ದಂಗೆಗೆ ಬೆದರಿದ ಸರಕಾರ ಜನರಿಂದ ಆಯುಧ ಕಸಿಯುವ ಕಾನೂನು ತಂದಿತು. ಅದನ್ನು ಒಪ್ಪದೆ ಅದೇ ವರುಷದ ನವೆಂಬರಿನಲ್ಲಿ, ನಮ್ಮ ಸೀಮೆಗೆ ದೂರವಲ್ಲದ ಮುಧೋಳದ ಹಲಗಲಿಯ ಬೇಡರು ತಿರುಗಿಬಿದ್ದರು. ಗುಂಡಿನ ಮೇಲಿನ ಒಂದು ಜಿಡ್ಡಿನ ಪದರ ಇತಿಹಾಸದಲ್ಲಿ ಎಷ್ಟು ದೂರ ಹರಿಯಿತೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ಆ ಪದರ ಅಲ್ಲಿ ಇದ್ದುದಾದರೂ ಏಕೆ ಎಂಬುದನ್ನು ಭೌತಶಾಸ್ತ್ರದವರು ಹೇಳಬೇಕು.

1880ರ ದಶಕದಲ್ಲಿ ಎಣ್ಣೆ, ಕಾಗದಗಳ ಕಾಲ ಮುಗಿಯುತ್ತ ಬಂದಿತು. 1882ರಲ್ಲಿ ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರೂಬಿನ್ ತಾಮ್ರದ ಕವಚದ ಗುಂಡನ್ನು ರೂಪಿಸಿದನು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದನು. ಬಂದೂಕಿನ ಗುಂಡಿನ ವೇಗ ಸೆಕೆಂಡಿಗೆ 600 ಮೀಟರುಗಳನ್ನು ಮೀರಿತು. ಆ ವೇಗಕ್ಕೆ ಜಿಡ್ಡು ಬಳಿದ ಸೀಸ ತಡೆಯಲಾರದು; ಲೋಹದ ಕವಚ ಅನಿವಾರ್ಯವಾಯಿತು. ಆದರೆ ಪಿಸ್ತೂಲಿನ ವೇಗ ಅದರ ಅರ್ಧದಷ್ಟೇ ಇರುವುದರಿಂದ ಅಲ್ಲಿ ಆಯ್ಕೆಗೆ ಇಂದಿಗೂ ಅವಕಾಶವಿದೆ.

ಆಯ್ಕೆಗಳು ಮುಖ್ಯವಾಗಿ ನಾಲ್ಕು. ಸೀಸಕ್ಕೆ ಅಂಟಿಮನಿ, ತವರಗಳನ್ನು ಬೆರೆಸಿ ಗಡಸಾಗಿಸಿ, ಮೈಮೇಲಿನ ತೋಡಿನಲ್ಲಿ ಮೇಣ ತುಂಬಿದ ಎರಕದ ಗುಂಡು ಎಲ್ಲಕ್ಕಿಂತ ಅಗ್ಗ. ಹೊಗೆಯೂ ಎಲ್ಲಕ್ಕಿಂತ ಹೆಚ್ಚು. ನೂರಕ್ಕೆ 5ರಿಂದ 10ರಷ್ಟು ಸತು ಬೆರೆತ ತಾಮ್ರದ ತಗಡನ್ನು ಬಟ್ಟಲಿನಂತೆ ಎಳೆದು ಸೀಸಕ್ಕೆ ತೊಡಿಸಿದ ಗುಂಡು ಗಟ್ಟಿಯಾದುದು, ಬೆಲೆಯೂ ಹೆಚ್ಚಿನದು. ವಿದ್ಯುಲ್ಲೇಪನದಿಂದ ತಾಮ್ರ ಕೂಡಿಸಿದ ಗುಂಡು ಇವೆರಡರ ನಡುವಿನದು. ಅದರ ತಾಮ್ರ ಶುದ್ಧವೂ ತೆಳುವೂ ಮೆದುವೂ ಆಗಿರುವುದರಿಂದ, ವೇಗ ಮಿತಿಮೀರಿದರೆ ತೋಡುಗಳಲ್ಲಿ ಹರಿಯಬಹುದು. ಹಾಗಾಗಿ ತಯಾರಕರು ಅದಕ್ಕೊಂದು ವೇಗದ ಎಲ್ಲೆಯನ್ನು ಸೂಚಿಸುವುದುಂಟು.

ನಾಲ್ಕನೆಯದೇ ಬಣ್ಣದ ಲೇಪ. ಎರಕದ ಗುಂಡುಗಳಿಗೆ ಪಾಲಿಯೆಸ್ಟರ್, ಇಪಾಕ್ಸಿ ಮೊದಲಾದ ರಾಳಗಳನ್ನು ಹಚ್ಚಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಲೆಯಲ್ಲಿ ಬೇಯಿಸುತ್ತಾರೆ. ಹೀಗೆ ಎರಡು ಮೂರು ಸಲ ಮಾಡಿದಾಗ 0.02ರಿಂದ 0.05 ಮಿ.ಮೀ. ದಪ್ಪದ ಪದರ ಕೂಡುತ್ತದೆ. 200 ಡಿಗ್ರಿ ಏಕೆ? ಶುದ್ಧ ಸೀಸ ಕರಗುವುದು 327ರಲ್ಲಿಯಾದರೂ, ಸೀಸ ಮತ್ತು ಅಂಟಿಮನಿಗಳ ಮಿಶ್ರಣ 252 ಡಿಗ್ರಿಯಲ್ಲಿಯೇ ಕರಗತೊಡಗುತ್ತದೆ, ತವರ ಸೇರಿದರೆ ಇನ್ನೂ ಕೆಳಗೆ. ಬೇಯಿಸುವ ಒಲೆ ಆ ಗೆರೆಯಿಂದ ದೂರವಿರಬೇಕು. ಬೇಯುವಾಗ ರಾಳದ ಅಣುಸರಪಳಿಗಳು ಒಂದಕ್ಕೊಂದು ಅಡ್ಡಕೊಂಡಿ ಹಾಕಿಕೊಳ್ಳುತ್ತವೆ. ಬಳಿಕ ಎಷ್ಟು ಕಾಯಿಸಿದರೂ ಅದು ಮೇಣದಂತೆ ಕರಗಿ ಹರಿಯುವುದಿಲ್ಲ. ಹಂಚಿನ ಮೇಲೆ ಬೆಂದ ರೊಟ್ಟಿ ಮತ್ತೆ ಹಿಟ್ಟಾಗದಷ್ಟೆ.

ಹಾಗಿದ್ದರೂ ಒಂದು ಸಂಶಯ ಉಳಿಯುತ್ತದೆ. ಉರಿವ ಮದ್ದಿನ ಅನಿಲ ಸಾವಿರಾರು ಡಿಗ್ರಿಗಳಷ್ಟು ಬಿಸಿ. ರಾಳವಾದರೋ 300, 400 ಡಿಗ್ರಿಗಳಲ್ಲಿ ಸುಟ್ಟು ಕರಿಯಾಗುವ ವಸ್ತು. ಕಬ್ಬಿಣವೇ ಮೆತ್ತಗಾಗುವ ಬಿಸಿಯಲ್ಲಿ ಬಣ್ಣ ಉಳಿಯುವುದು ಹೇಗೆ? ಉತ್ತರ ಕಾಲದಲ್ಲಿದೆ. ಉಷ್ಣ ಒಂದು ವಸ್ತುವಿನೊಳಗೆ ಇಳಿಯಲು ಸಮಯ ಬೇಕು. ಇಳಿಯುವ ಆಳ ಸಮಯದ ವರ್ಗಮೂಲಕ್ಕೆ ಅನುಸಾರವಾಗಿರುತ್ತದೆ. ಸೀಸ ಒಳ್ಳೆಯ ವಾಹಕ: ಗುಂಡು ನಳಿಕೆಯಲ್ಲಿರುವ 0.00076 ಸೆಕೆಂಡಿನಲ್ಲಿ ಉಷ್ಣವು ಸೀಸದೊಳಗೆ ಸುಮಾರು 0.13 ಮಿ.ಮೀ. ಇಳಿಯಬಲ್ಲುದು. ರಾಳ ಬಹು ಕೆಟ್ಟ ವಾಹಕ: ಅದೇ ಹೊತ್ತಿನಲ್ಲಿ ಅದರೊಳಗೆ ಇಳಿಯುವುದು 0.009 ಮಿ.ಮೀ. ಮಾತ್ರ. ಲೇಪದ ದಪ್ಪ 0.04 ಮಿ.ಮೀ. ಎಂದರೆ, ಉಷ್ಣ ಅದರ ಕಾಲುಪಾಲು ದಾಟುವ ಮೊದಲೇ ಗುಂಡು ನಳಿಕೆಯನ್ನು ದಾಟಿ ಹೋಗಿರುತ್ತದೆ. ಲೇಪ ಬೆಂಕಿಯನ್ನು ಎದುರಿಸಿ ಗೆಲ್ಲುವುದಿಲ್ಲ. ಬೆಂಕಿ ಒಳಗೆ ಬರುವಷ್ಟರಲ್ಲಿ ಪಾರಾಗುತ್ತದೆ. ನಮ್ಮ ವೀರಭದ್ರನ ಜಾತ್ರೆಗಳಲ್ಲಿ ಅಗ್ನಿ ಹಾಯುವವರ, ಮೊಹರಮ್ಮಿನಲ್ಲಿ ಕೆಂಡ ತುಳಿಯುವವರ ಅಂಗಾಲು ಉಳಿಯುವುದರಲ್ಲಿಯೂ ಇದೇ ನಿಯಮದ ಪಾಲು ಬಹಳವಿದೆ. ಕೆಂಡದಲ್ಲಿ ನಿಂತವನಿಗೆ ಆ ನಿಯಮ ನೆರವಾಗದು, ದಾಟುವವನಿಗೆ ಆಗುತ್ತದೆ. ಮೇಲಿನ ತೆಳುಪದರ ಮಾತ್ರ ತುಸು ಸುಡುತ್ತದೆ. ಬಣ್ಣದ ಗುಂಡು ಹಾರಿಸಿದಾಗ ಬರುವ ಸಣ್ಣ ಕಮಟು ವಾಸನೆಗೆ ಅದೂ ಒಂದು ಕಾರಣ.

ಇನ್ನು ಸ್ಪರ್ಧಿಯ ಆಯ್ಕೆಗೆ ಬರೋಣ. ಐ.ಪಿ.ಎಸ್.ಸಿ. ನಿಯಮಗಳ ಪಿಸ್ತೂಲು ಸ್ಪರ್ಧೆಗಳಲ್ಲಿ ಗುಂಡು ತೀರ ದುರ್ಬಲವಾಗಿರಬಾರದೆಂದು ಒಂದು ಕನಿಷ್ಠ ಮಿತಿ ಇದೆ. ಗ್ರೇನ್ ಎಂಬ ಅಳತೆಯಲ್ಲಿ ಗುಂಡಿನ ತೂಕವನ್ನು, ಸೆಕೆಂಡಿಗೆ ಇಷ್ಟು ಅಡಿ ಎಂಬ ಅಳತೆಯಲ್ಲಿ ವೇಗವನ್ನು ಗುಣಿಸಿ, ಸಾವಿರದಿಂದ ಭಾಗಿಸಿದರೆ ಕನಿಷ್ಠ 125 ಬರಬೇಕು. ಇದಕ್ಕೆ ಅವರು ‘ಪವರ್ ಫ್ಯಾಕ್ಟರ್’ ಎಂದು ಹೆಸರಿಟ್ಟಿದ್ದಾರೆ. ಹೆಸರಿನಲ್ಲಿ ಪವರ್ ಇದ್ದರೂ ತೂಕ ಗುಣಿಸು ವೇಗ ಎಂದರೆ ಸಂವೇಗವೇ ಹೊರತು ಶಕ್ತಿಯಲ್ಲ, ಸಾಮರ್ಥ್ಯವೂ ಅಲ್ಲ. ನಮ್ಮ ಉತ್ತರಪತ್ರಿಕೆಗಳಲ್ಲಿ ಈ ಮೂರೂ ಒಂದಾಗುವುದು ಆಶ್ಚರ್ಯವಲ್ಲ! ನಮ್ಮ ಮಾನಗಳಲ್ಲಿ ಆ ಮಿತಿ ಸೆಕೆಂಡಿಗೆ 2.47 ಕಿಲೊಗ್ರಾಂ ಮೀಟರ್. 8 ಗ್ರಾಮಿನ ಗುಂಡು ಇದನ್ನು ಮುಟ್ಟಲು ಸೆಕೆಂಡಿಗೆ 309 ಮೀಟರ್ ವೇಗ ಬೇಕು. ಆಗ ಅದರ ಚಲನಶಕ್ತಿ 381 ಜೂಲ್. 9.5 ಗ್ರಾಮಿನ ಗುಂಡಿಗೆ 260 ಮೀಟರ್ ಸಾಕು. ಚಲನಶಕ್ತಿ 321 ಜೂಲ್. ಸಂವೇಗ ಒಂದೇ, ಶಕ್ತಿ ಕಡಿಮೆ. ವೇಗ ತಗ್ಗಿದಂತೆ ಉಜ್ಜಾಟದ ಉಷ್ಣವೂ ತಗ್ಗುತ್ತದೆ. ತೆಳುವಾದ ರಾಳದ ಲೇಪವೇ ಧಾರಾಳವಾಗಿ ಸಾಲುತ್ತದೆ. ತಾಮ್ರದ ಕವಚಕ್ಕೆ ಹಣ ತೆರಬೇಕಾಗಿಲ್ಲ. ಭಾರವಾದ, ನಿಧಾನವಾದ, ಲೇಪವುಳ್ಳ ಗುಂಡನ್ನು ಅನೇಕ ಸ್ಪರ್ಧಿಗಳು ಮೆಚ್ಚುವುದರ ಹಿಂದೆ ಇರುವ ತರ್ಕವಿದು. ಆದರೆ ನಳಿಕೆಯ ತುದಿಯಲ್ಲಿ ಅನಿಲವನ್ನು ಮೇಲಕ್ಕೆ ಚಿಮ್ಮಿಸುವ ರಂಧ್ರಗಳುಳ್ಳ ಪಿಸ್ತೂಲುಗಳಲ್ಲಿ ಈ ಲೇಪ ಹಿತವಲ್ಲ. ಸುಟ್ಟ ರಾಳ, ಸೀಸಗಳು ರಂಧ್ರಗಳಲ್ಲಿ ಕಟ್ಟಿಕೊಳ್ಳುತ್ತವೆ. ಅಂಥವರು ತಾಮ್ರದ ಕವಚಕ್ಕೇ ಶರಣಾಗುತ್ತಾರೆ.

ಲೇಪ ಸಮನಾಗಿಲ್ಲದಿದ್ದರೆ? ಒಂದು ಬದಿಗೆ 0.02 ಮಿ.ಮೀ. ಹೆಚ್ಚು ಕೂತಿತೆಂದರೆ ಒಳಗಿನ ಸೀಸ ನಳಿಕೆಯ ಅಕ್ಷದಿಂದ 0.01 ಮಿ.ಮೀ. ಸರಿದಂತಾಯಿತು. ಸೆಕೆಂಡಿಗೆ 1320 ಸುತ್ತು ತಿರುಗುವ ಗುಂಡು ನಳಿಕೆಯಿಂದ ಬಿಡುಗಡೆಯಾದೊಡನೆ, ಕವಣೆಯಿಂದ ಜಾರಿದ ಕಲ್ಲಿನಂತೆ, ಸೆಕೆಂಡಿಗೆ 0.083 ಮೀಟರ್ ವೇಗದಿಂದ ಪಕ್ಕಕ್ಕೂ ಸರಿಯುತ್ತದೆ. 25 ಮೀಟರ್ ದೂರ ಮುಟ್ಟುವಷ್ಟರಲ್ಲಿ ಇದು 6 ಮಿ.ಮೀ.ಗಿಂತ ತುಸು ಹೆಚ್ಚಾಗುತ್ತದೆ. 25 ಮೀಟರಿನ ನಿಖರತೆಯ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 50 ಮಿ.ಮೀ. ಕೈಯ ನಡುಕದ ಮುಂದೆ 6 ಮಿ.ಮೀ. ಅಲ್ಪವೇ ಸರಿ, ವೃತ್ತದ ಅಂಚಿಗೆ ಬಿದ್ದ ಗುಂಡಿಗೆ ಅದು ಅಲ್ಪವಲ್ಲ. ಲೇಪ ಹಚ್ಚಿದ ಮೇಲೆ ಗುಂಡನ್ನು ಅಳತೆಯ ಅಚ್ಚಿನಲ್ಲಿ ತೂರಿಸಿ ಸಮಮಾಡುವುದು ಇದಕ್ಕಾಗಿಯೇ.

ಎಲ್ಲ ಗುರಿಕಾರರಿಗೂ ಈ ಚಿಂತೆ ಇರುವುದಿಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿಯ ಪದಕ ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಅದರಲ್ಲಿ ಮದ್ದೂ ಇಲ್ಲ, ಬೆಂಕಿಯೂ ಇಲ್ಲ. ಅರ್ಧ ಗ್ರಾಮಿನ ಸೀಸದ ಮಣಿಯನ್ನು ತಳ್ಳುವುದು ಅದುಮಿದ ಗಾಳಿ. ಅಲ್ಲಿ ಬರಿಯ ಸೀಸವೇ ಸಾಕು. ಅವರೇ 2016ರಲ್ಲಿ ರಿಯೊ ಒಲಿಂಪಿಕ್ಸಿನಲ್ಲಿ ಸ್ಪರ್ಧಿಸಿದ 50 ಮೀಟರ್ ಪಿಸ್ತೂಲಿಗೆ .22 ತೋಟಾ ಬೇಕು. ಮದ್ದು ಬಂದೊಡನೆ ಲೇಪವೂ ಬಂದಿತು.

ನಳಿಕೆಯ ಕ್ಷೇಮಕ್ಕಿಂತ ದೊಡ್ಡದು ಹಾರಿಸುವವನ ಕ್ಷೇಮ. ಸೀಸ ವಿಷವೆಂಬುದು ಎಲ್ಲರಿಗೂ ತಿಳಿದದ್ದೇ. ದೇಹ ಅದನ್ನು ಕ್ಯಾಲ್ಸಿಯಮ್ ಎಂದು ಭ್ರಮಿಸಿ ಎಲುಬುಗಳಲ್ಲಿ ವರುಷಗಟ್ಟಲೆ ಕೂಡಿಡುತ್ತದೆ. ಎಳೆಯ ಮಕ್ಕಳ ಮೆದುಳಿಗೆ ಅದು ಮಾಡುವ ಹಾನಿ ಮರಳಿ ಸರಿಯಾಗುವಂಥದಲ್ಲ. ಇಷ್ಟರವರೆಗೆ ನಿರಪಾಯ ಎನ್ನಬಹುದಾದ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವುದು ಹುಳಿಗೂ ತಾಮ್ರಕ್ಕೂ ನಡುವೆ ತವರದ ಗೋಡೆ ಕಟ್ಟಲೆಂದು. ಅದೇ ತವರದಲ್ಲಿ ಅಗ್ಗದ ಸೀಸ ಬೆರೆತರೆ ಗೋಡೆಯೇ ವಿಷವಾಗುತ್ತದೆ. ಗುಂಡಿನ ಲೇಪವನ್ನೂ ಹೀಗೆ ಎಲ್ಲ ಕಡೆಯಿಂದ ನೋಡಬೇಕು.

ಇಲ್ಲಿ ಒಂದು ವಿಚಿತ್ರವಿದೆ. ‘ಪೂರ್ಣ ಲೋಹಕವಚ’ ಎಂಬ ಹೆಸರಿನ ಸಾಮಾನ್ಯ ಗುಂಡಿನ ಕವಚ ಪೂರ್ಣವಲ್ಲ. ತಗಡಿನ ಬಟ್ಟಲನ್ನು ಮುಂದಿನಿಂದ ತೊಡಿಸುವುದರಿಂದ ಅದರ ಬೆನ್ನಿನಲ್ಲಿ ಸೀಸ ಬರಿಮೈಯಾಗಿ ಉಳಿಯುತ್ತದೆ. ಉರಿವ ಅನಿಲ ಬಡಿಯುವುದು ಅದೇ ಬೆನ್ನಿಗೆ! ಅಲ್ಲಿಂದ ಎದ್ದ ಸೀಸದ ಆವಿ ಗುರಿಕಾರನ ಉಸಿರಿಗೆ ಸೇರುತ್ತದೆ. ರಾಳದ ಲೇಪವಾಗಲಿ ವಿದ್ಯುಲ್ಲೇಪನವಾಗಲಿ ಬೆನ್ನನ್ನೂ ಮುಚ್ಚುತ್ತದೆ. ಮುಚ್ಚಿದ ಕೋಣೆಗಳಲ್ಲಿ ಅಭ್ಯಾಸ ಮಾಡುವವರಿಗೆ ಬಣ್ಣದ ಗುಂಡಿನ ನಿಜವಾದ ಲಾಭ ಇದೆಂದು ನನಗೆ ತೋರುತ್ತದೆ. ಉಳಿತಾಯದ ಮಾತು ಆಮೇಲಿನದು. ಆದರೂ ಸೀಸ ಪೂರ್ತಿ ತೊಲಗುವುದಿಲ್ಲ. ಸಾಮಾನ್ಯ ಕೇಪಿನಲ್ಲಿರುವ ಲೆಡ್ ಸ್ಟಿಫ್ನೇಟ್ ಎಂಬ ಲವಣ ಪ್ರತಿ ಸಿಡಿತದಲ್ಲಿಯೂ ತನ್ನ ಪಾಲಿನ ಸೀಸವನ್ನು ಗಾಳಿಗೆ ಬಿಡುತ್ತದೆ. ಅದಕ್ಕೆ ಗುಂಡಿನ ಲೇಪ ಏನನ್ನೂ ಮಾಡಲಾರದು. ಗಾಳಿಯಾಡುವ ಸ್ಥಳ, ಅಲ್ಲಿ ಏನನ್ನೂ ತಿನ್ನದಿರುವುದು, ಸಾಬೂನಿನಿಂದ ಕೈ ತೊಳೆಯುವುದು, ನೆಲವನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸುವುದು, ಅದೇ ಅಂಗಿಯಲ್ಲಿ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳದಿರುವುದು, ಇವು ಯಾವ ಗುಂಡಿಗಾದರೂ ತಪ್ಪದ ನಿಯಮಗಳು.

ಕೊನೆಗೆ, ಲೇಪ ಚೆನ್ನಾಗಿ ಕಚ್ಚಿಕೊಂಡಿದೆಯೆಂದು ತಿಳಿಯುವುದು ಹೇಗೆ? ಬರಿಯ ಗುಂಡೊಂದನ್ನು ಸುತ್ತಿಗೆಯಿಂದ ಚಪ್ಪಟೆಯಾಗುವಂತೆ ಬಡಿದು ನೋಡುವುದು ಬಲ್ಲವರ ಕ್ರಮ. ಸೀಸ ಹರಡಿದರೂ ಬಣ್ಣ ಅದರ ಜೊತೆಗೇ ಹಿಗ್ಗಬೇಕು, ಹಪ್ಪಳದಂತೆ ಉದುರಬಾರದು. ವಿದ್ಯಾರ್ಥಿಗಳು ಸೀಸದ ಗೊಡವೆಗೆ ಹೋಗದೆ ಇದೇ ತತ್ತ್ವವನ್ನು ಬೇರೆ ವಸ್ತುವಿನಲ್ಲಿ ನೋಡಬಹುದು. ಬಾವಿಯ ಪಂಪಿನ ಮೋಟಾರು ಸುತ್ತುವ ಅಂಗಡಿಯಿಂದ ಒಂದು ಗೇಣು ತಂತಿ ತನ್ನಿರಿ. ಅದರ ತಾಮ್ರದ ಮೇಲಿರುವುದೂ ಬೇಯಿಸಿದ ರಾಳದ ತೆಳುಪದರವೇ. ಪೆನ್ಸಿಲಿಗೆ ಬಿಗಿಯಾಗಿ ಸುತ್ತಿ ಭೂತಗನ್ನಡಿಯಿಂದ ನೋಡಿರಿ. ಒಳ್ಳೆಯ ತಂತಿಯ ಹೊರಬಾಗಿನಲ್ಲಿ ಎಲ್ಲಿಯೂ ಬಿರುಕು ಕಾಣದು.

ಗುರಿಕಾರರ ಬಳಿ ಇದಕ್ಕಿಂತಲೂ ನೇರವಾದ ಸಾಕ್ಷಿ ಇದೆ. ಗುರಿಹಲಗೆಯ ಹಿಂದಿನ ಮರಳಿನ ಏರಿಯಲ್ಲಿ ಸಿಕ್ಕ ಹಳೆಯ ಗುಂಡನ್ನು ತೆಗೆದು ನೋಡಿದರೆ, ನಳಿಕೆಯ ತೋಡುಗಳು ಒತ್ತಿದ ಓರೆಗೆರೆಗಳು ಅದರ ಮೈಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಗೆರೆಯ ತಳದಲ್ಲಿಯೂ ಬಣ್ಣ ಎಡೆಬಿಡದೆ ಉಳಿದಿದ್ದರೆ ಸೀಸ ಉಕ್ಕನ್ನು ಮುಟ್ಟಲೇ ಇಲ್ಲವೆಂದು ಅರ್ಥ. ಗೆರೆಯ ಅಂಚಿನಲ್ಲಿ ಬೂದುಬಣ್ಣ ಇಣುಕಿದರೆ ಲೇಪ ತೆಳುವಾಯಿತು, ಸರಿಯಾಗಿ ಬೇಯಲಿಲ್ಲ, ಅಥವಾ ತೋಟಾದ ಬಾಯಿಯನ್ನು ಅತಿಯಾಗಿ ಬಿಗಿದಾಗ ಹಿತ್ತಾಳೆಯ ಅಂಚು ಅದನ್ನು ಕೊಯ್ದಿತು. ಗುಂಡಿನ ಸುತ್ತ ಉಂಗುರದಂತೆ ಒಂದೇ ಅಡ್ಡಗೆರೆ ಇದ್ದರೆ ತಪ್ಪು ಬಿಗಿತದ್ದು. ಓರೆಗೆರೆಗಳ ಉದ್ದಕ್ಕೂ ಬೂದು ಕಂಡರೆ ಲೇಪದ್ದು.